ಬ್ಯಾಂಕಿನ ಮೂರು ತಿಂಗಳ ಲೆಕ್ಕ: ಅಡಿಟಿಪ್ಪಣಿ ಓದದೆ ಅಂಕಿ ನಂಬಬೇಡಿ



ನಮ್ಮಲ್ಲಿ ಹಲವರ ಕಾಫಿ ಕಣಕ್ಕೆ ಬಿದ್ದಿರುವುದು ವಾಡಿಯ ಸಿಮೆಂಟು. ಮನೆಯ ಜಗಲಿಯಲ್ಲಿ ಕಾಲಿಗೆ ತಣ್ಣಗೆ ತಾಗುವುದು ಶಹಾಬಾದಿನ ಹಾಸುಗಲ್ಲು. ಸಂಘದ ಮಳಿಗೆಯಿಂದ ಒಯ್ಯುವ ತೊಗರಿಬೇಳೆ ಸೇಡಂ, ಚಿತ್ತಾಪುರ, ಚಿಂಚೋಳಿ ಕಡೆಯ ಕಪ್ಪು ನೆಲದ್ದು. ಇಷ್ಟು ನಂಟಿದ್ದರೂ ಕಲಬುರಗಿ ಜಿಲ್ಲೆಯ ಆ ಸೀಮೆ ನಮಗೆ ದೂರದ ನಾಡಾಗಿಯೇ ಉಳಿದಿದೆ. ಆದರೆ ಕಣ್ಣಿಗೆ ಕಾಣದ ಇನ್ನೊಂದು ನಂಟು ಇತ್ತೀಚಿನ ವರ್ಷಗಳಲ್ಲಿ ಬೆಳೆದಿದೆ. ಸೇಡಮಿನ ತೊಗರಿ ಬೆಳೆಗಾರನ ಸಾಲವೂ ನಮ್ಮ ಠೇವಣಿಯೂ ಇಂದು ಒಂದೇ ಬ್ಯಾಂಕಿನ ಪುಸ್ತಕದಲ್ಲಿವೆ.

ಇದು ಹೇಗಾಯಿತೆಂದು ಮೊದಲು ನೋಡೋಣ. 1913ರಲ್ಲಿ ಹುಟ್ಟಿದ ಮೈಸೂರು ಬ್ಯಾಂಕು ಮುಂದೆ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು ಆಯಿತು. ನಮ್ಮ ಹಿರಿಯರ ಕಾಫಿ ಹಣ ಓಡಾಡಿದ್ದು ಹೆಚ್ಚಾಗಿ ಅದರಲ್ಲೇ. ಆ ಕಡೆ ನಿಜಾಮರ ಸರ್ಕಾರ 1941ರ ಕಾಯಿದೆಯಿಂದ ಸ್ಥಾಪಿಸಿದ ಹೈದರಾಬಾದ್ ಸ್ಟೇಟ್ ಬ್ಯಾಂಕು ಮುಂದೆ ಸ್ಟೇಟ್ ಬ್ಯಾಂಕ್ ಆಫ್ ಹೈದರಾಬಾದ್ ಆಯಿತು. ಇವೆರಡೂ ಇತರ ಮೂರು ಸಹವರ್ತಿ ಬ್ಯಾಂಕುಗಳು ಮತ್ತು ಭಾರತೀಯ ಮಹಿಳಾ ಬ್ಯಾಂಕಿನೊಡನೆ 2017ರ ಏಪ್ರಿಲ್ 1ರಂದು ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ ವಿಲೀನವಾದವು.

ಗ್ರಾಮೀಣ ಬ್ಯಾಂಕುಗಳ ಕಥೆಯೂ ಇಂಥದೇ. ನಮ್ಮ ಚಿಕ್ಕಮಗಳೂರು-ಕೊಡಗು ಗ್ರಾಮೀಣ ಬ್ಯಾಂಕು 2012ರಲ್ಲಿ ಕಾವೇರಿ ಗ್ರಾಮೀಣ ಬ್ಯಾಂಕಿನೊಳಗೆ ಸೇರಿತು. ಗುಲ್ಬರ್ಗದ ಕೃಷ್ಣಾ ಗ್ರಾಮೀಣ ಬ್ಯಾಂಕು 2013ರಲ್ಲಿ ಪ್ರಗತಿ ಕೃಷ್ಣಾ ಆಯಿತು. ಇವೆರಡೂ ಕೂಡಿ 2019ರ ಏಪ್ರಿಲ್ 1ರಂದು ಕರ್ನಾಟಕ ಗ್ರಾಮೀಣ ಬ್ಯಾಂಕಾದವು. ಅಡಿಕೆ ನಾಡಿನ ವರದಾ, ನೇತ್ರಾವತಿ ಗ್ರಾಮೀಣ ಬ್ಯಾಂಕುಗಳು 2005ರಲ್ಲೇ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕಿನಲ್ಲಿ ಸೇರಿದ್ದವು. 2025ರ ಮೇ 1ರಂದು ಅದೂ ಇದರೊಡನೆ ಕೂಡಿ, ಬಳ್ಳಾರಿಯಲ್ಲಿ ಮುಖ್ಯ ಕಚೇರಿಯಿರುವ ಒಂದೇ ಬ್ಯಾಂಕಾಯಿತು. ಕಾಫಿ, ಅಡಿಕೆ, ತೊಗರಿ ಮೂರೂ ಒಂದೇ ಖಾತೆ ಪುಸ್ತಕಕ್ಕೆ ಬಂದವು.

ಹೀಗಿರುವಾಗ ಬ್ಯಾಂಕು ಪ್ರಕಟಿಸುವ ಲೆಕ್ಕವನ್ನು ಓದಲು ಕಲಿಯುವುದು ಬೆಳೆಗಾರರಾದ ನಮಗೂ ಅಗತ್ಯ. ಠೇವಣಿಗೆ ವಿಮೆಯ ರಕ್ಷಣೆ ಒಬ್ಬ ಠೇವಣಿದಾರನಿಗೆ ಒಂದು ಬ್ಯಾಂಕಿನಲ್ಲಿ 5 ಲಕ್ಷ ರೂಪಾಯಿವರೆಗೆ ಮಾತ್ರ. ಸಂಘದ ಠೇವಣಿಯಾದರೂ ಮಿತಿ ಅಷ್ಟೇ. ಅದರ ಮೇಲಿನ ಹಣಕ್ಕೆ ನಮ್ಮ ಎಚ್ಚರವೇ ಕಾವಲು.

ಒಂದೇ ಲಾಭ, ಎರಡು ಸುದ್ದಿ

2017ರ ಆಗಸ್ಟಿನಲ್ಲಿ ನಮ್ಮ ಆಡಳಿತ ಮಂಡಲಿಯ ಸಭೆಯಲ್ಲಿ ನಡೆದುದನ್ನು ಇಲ್ಲಿ ಹೇಳಿಕೊಳ್ಳಲು ನಮಗೆ ಸಂಕೋಚವಿಲ್ಲ. ವಿಲೀನದ ನಂತರ ಸ್ಟೇಟ್ ಬ್ಯಾಂಕಿನ ಮೊದಲ ಮೂರು ತಿಂಗಳ ಫಲಿತಾಂಶ ಆಗ ತಾನೇ ಪ್ರಕಟವಾಗಿತ್ತು. ಒಬ್ಬ ನಿರ್ದೇಶಕರು ತಂದ ಪತ್ರಿಕೆಯಲ್ಲಿ ಬ್ಯಾಂಕಿನ ಲಾಭ ಶೇಕಡ 20ರಷ್ಟು ಕುಸಿದಿದೆ ಎಂದಿತ್ತು. ಇನ್ನೊಬ್ಬರು ತಂದ ಪತ್ರಿಕೆಯಲ್ಲಿ ಲಾಭ ಐದು ಪಟ್ಟಿಗೂ ಹೆಚ್ಚಾಗಿದೆ ಎಂದಿತ್ತು. ಹಳೆಯ ಮೈಸೂರು ಬ್ಯಾಂಕಿನ ಶಾಖೆಯಲ್ಲಿದ್ದ ನಮ್ಮ ಅವಧಿ ಠೇವಣಿಯನ್ನು ಮುರಿದು ತರಬೇಕೆಂದು ಕೆಲವರು ಹಟ ಹಿಡಿದರು. ಅವಧಿಗೆ ಮುಂಚೆ ಮುರಿದರೆ ಬಡ್ಡಿ ಕಡಿತವಾಗುತ್ತದೆ. ಆದರೂ ಠರಾವು ಬರೆಯುವ ಹಂತಕ್ಕೆ ಬಂದಿದ್ದೆವು.

ಎರಡು ಪತ್ರಿಕೆಗಳೂ ಸುಳ್ಳು ಹೇಳಿರಲಿಲ್ಲ. ಆ ಮೂರು ತಿಂಗಳ ನಿವ್ವಳ ಲಾಭ 2,006 ಕೋಟಿ ರೂಪಾಯಿ. ಹಿಂದಿನ ವರ್ಷದ ಅದೇ ಅವಧಿಯಲ್ಲಿ ಸ್ಟೇಟ್ ಬ್ಯಾಂಕು ಒಂದರ ಲಾಭ 2,521 ಕೋಟಿ. ಅದಕ್ಕೆ ಹೋಲಿಸಿದರೆ ಕುಸಿತ. ಆದರೆ ವಿಲೀನವಾದ ಬ್ಯಾಂಕುಗಳ ಲೆಕ್ಕವನ್ನೂ ಸೇರಿಸಿ ನೋಡಿದರೆ ಹಿಂದಿನ ವರ್ಷದ ಕೂಡು ಲಾಭ 374 ಕೋಟಿ ಮಾತ್ರ. ಅದಕ್ಕೆ ಹೋಲಿಸಿದರೆ ಭಾರೀ ಏರಿಕೆ. ವಿಲೀನದ ಕಾರಣದಿಂದ ಹಿಂದಿನ ಅವಧಿಯ ಅಂಕಿಗಳು ಹೋಲಿಕೆಗೆ ಯೋಗ್ಯವಲ್ಲ ಎಂಬುದು ಫಲಿತಾಂಶದ ಕೆಳಗಿನ ಟಿಪ್ಪಣಿಯಲ್ಲಿರುವ ಸಂಗತಿ. ಸಭೆಯಲ್ಲಿ ಅದನ್ನು ಓದಿದವರು ನಮ್ಮಲ್ಲಿ ಒಬ್ಬರೂ ಇರಲಿಲ್ಲ. ಓದಿದ ಮೇಲೆ ಠರಾವು ಕೈಬಿಟ್ಟೆವು.

ಸೇಡಂ, ಚಿತ್ತಾಪುರಗಳ ಹಿರಿಯರಿಗೆ ಈ ಮಾತು ಬೇಗ ತಿಳಿಯುತ್ತದೆ. ಅವರ ತಂದೆ ತಾತಂದಿರ ಕಾಲದಲ್ಲಿ ಅಲ್ಲಿ ಚಲಾವಣೆಯಲ್ಲಿದ್ದುದು ನಿಜಾಮರ ಹಾಲಿ ಸಿಕ್ಕಾ. 7 ಹಾಲಿ ರೂಪಾಯಿಗೆ 6 ಭಾರತೀಯ ರೂಪಾಯಿ ಎಂಬುದು ಲೆಕ್ಕ. ಹೈದರಾಬಾದು ಭಾರತದಲ್ಲಿ ಸೇರಿದ ನಂತರ ಕೆಲವು ವರ್ಷ ಎರಡೂ ನಡೆದು, 1959ರ ಹೊತ್ತಿಗೆ ಹಾಲಿ ನಾಣ್ಯ ಪೂರ್ತಿ ಹಿಂದೆ ಸರಿಯಿತು. ವರ್ತಕನ ಪುಸ್ತಕದ ಹಳೆ ಪುಟದಲ್ಲಿ 700, ಹೊಸ ಪುಟದಲ್ಲಿ 600 ಎಂದಿದ್ದರೆ ಅವನಿಗೆ ನೂರು ರೂಪಾಯಿ ನಷ್ಟವಾಯಿತೆ? ಇಲ್ಲ. ಅಳೆಯುವ ಕೋಲು ಬದಲಾಯಿತು, ಅಷ್ಟೇ. ಕೋಲು ಬದಲಾದುದನ್ನು ಪುಟದ ಅಂಚಿನಲ್ಲಿ ಬರೆದಿಡುವುದೇ ಅಡಿಟಿಪ್ಪಣಿಯ ಕೆಲಸ.

ಲೆಕ್ಕದ ನೀತಿ ಎಂದರೇನು?

ಲೆಕ್ಕ ಬರೆಯುವಾಗ ಒಂದಕ್ಕಿಂತ ಹೆಚ್ಚು ನ್ಯಾಯವಾದ ದಾರಿಗಳಿರುವ ಕಡೆ ಯಾವ ದಾರಿ ಹಿಡಿದೆವು ಎಂಬುದೇ ಲೆಕ್ಕದ ನೀತಿ. ನಮ್ಮ ಗೋದಾಮಿನ ಉದಾಹರಣೆ ತೆಗೆದುಕೊಳ್ಳೋಣ. ಮಾರ್ಚ್ 31ರಂದು 100 ಕ್ವಿಂಟಲ್ ಅಡಿಕೆ ದಾಸ್ತಾನಿದೆ ಎಂದುಕೊಳ್ಳಿ. ಕೊಂಡ ಬೆಲೆ ಕ್ವಿಂಟಲಿಗೆ 40,000 ರೂಪಾಯಿ, ಆ ದಿನದ ಪೇಟೆ ಧಾರಣೆ 48,000. ಕೊಂಡ ಬೆಲೆಗೆ ಬರೆದರೆ ದಾಸ್ತಾನು 40 ಲಕ್ಷ. ಪೇಟೆ ಧಾರಣೆಗೆ ಬರೆದರೆ 48 ಲಕ್ಷ. ಒಂದು ಅಡಿಕೆಯೂ ಮಾರದೆ 8 ಲಕ್ಷ ಲಾಭ ಕಾಣುತ್ತದೆ. ಇಷ್ಟು ವರ್ಷ ಕೊಂಡ ಬೆಲೆಗೆ ಬರೆದ ಸಂಘ ಈ ವರ್ಷ ಮಾತ್ರ ಪೇಟೆ ಧಾರಣೆಗೆ ತಿರುಗಿ ಅದನ್ನು ಹೇಳದೆ ಹೋದರೆ, ಸದಸ್ಯರು ಮೋಸ ಹೋದಂತೆಯೇ.

ಇದನ್ನು ತಡೆಯಲು ಭಾರತೀಯ ಚಾರ್ಟರ್ಡ್ ಅಕೌಂಟೆಂಟರ ಸಂಸ್ಥೆ 1979ರಲ್ಲೇ ತನ್ನ ಮೊದಲನೆಯ ಲೆಕ್ಕ ಮಾನಕವನ್ನು ಹೊರಡಿಸಿತು. ಮುಖ್ಯ ನೀತಿಗಳನ್ನು ಒಂದೆಡೆ ಹೇಳಬೇಕು, ನೀತಿ ಬದಲಾದರೆ ಅದನ್ನೂ ಅದರ ಪರಿಣಾಮದ ಮೊತ್ತವನ್ನೂ ತಿಳಿಸಬೇಕು ಎಂಬುದು ಅದರ ಸಾರ. ನೀತಿ ಬದಲಾವಣೆ ಬೇರೆ, ಅಂದಾಜಿನ ಬದಲಾವಣೆ ಬೇರೆ ಎಂಬುದನ್ನೂ ಗಮನಿಸಬೇಕು. ಪಲ್ಪರ್ ಯಂತ್ರ ಹತ್ತು ವರ್ಷ ಬರುತ್ತದೆಂದು ಬಗೆದಿದ್ದು ಏಳೇ ವರ್ಷ ಎಂದು ತಿದ್ದಿಕೊಂಡರೆ ಅದು ಅಂದಾಜಿನ ಬದಲಾವಣೆ. ದಾಸ್ತಾನಿನ ಬೆಲೆ ಕಟ್ಟುವ ಕ್ರಮವನ್ನೇ ಬದಲಿಸಿದರೆ ಅದು ನೀತಿ ಬದಲಾವಣೆ.

ಮಧ್ಯಂತರ ಲೆಕ್ಕದ ನಿಯಮಗಳು

ಷೇರು ಪೇಟೆಯಲ್ಲಿ ನೋಂದಾಯಿತವಾದ ಬ್ಯಾಂಕುಗಳು ಪ್ರತಿ ಮೂರು ತಿಂಗಳಿಗೊಮ್ಮೆ ಫಲಿತಾಂಶ ಪ್ರಕಟಿಸಬೇಕು. ಸೆಬಿ ನಿಯಮದಂತೆ ಮೊದಲ ಮೂರು ತ್ರೈಮಾಸಿಕಗಳಿಗೆ 45 ದಿನಗಳ ಗಡುವು, ಮಾರ್ಚ್ ಅಂತ್ಯದ ವಾರ್ಷಿಕ ಲೆಕ್ಕಕ್ಕೆ 60 ದಿನ. ನಡುವಿನ ಲೆಕ್ಕಗಳಿಗೆ ಪೂರ್ಣ ಲೆಕ್ಕಪರಿಶೋಧನೆ ಆಗಬೇಕೆಂದಿಲ್ಲ. ಲೆಕ್ಕಪರಿಶೋಧಕರ ಮಿತ ಪರಿಶೀಲನೆ ಸಾಕು. ಇದು ಕಣದಲ್ಲಿ ಕಾಫಿ ರಾಶಿಯನ್ನು ಕೈಯಾಡಿಸಿ ನೋಡಿದಂತೆ. ಪ್ರತಿ ಚೀಲ ಬಿಚ್ಚಿ ತೂಗುವುದು ವರ್ಷಾಂತ್ಯದಲ್ಲಿ.

ಮಧ್ಯಂತರ ವರದಿಗೆ 25ನೆಯ ಲೆಕ್ಕ ಮಾನಕವಿದೆ. ಅದರಲ್ಲಿ ನಾವು ನೆನಪಿಡಬೇಕಾದ ಮಾತುಗಳು ಮೂರು.

ಒಂದು, ವಾರ್ಷಿಕ ಲೆಕ್ಕದಲ್ಲಿ ಅನುಸರಿಸುವ ನೀತಿಯನ್ನೇ ಮಧ್ಯಂತರದಲ್ಲೂ ಅನುಸರಿಸಬೇಕು. ನಡುವೆ ನೀತಿ ಬದಲಿಸಿದರೆ ಆ ವರ್ಷದ ಹಿಂದಿನ ತ್ರೈಮಾಸಿಕಗಳನ್ನೂ ಹೊಸ ನೀತಿಯಂತೆ ತಿದ್ದಿ ಬರೆಯಬೇಕು. ಮಾನಕವೇ ಬೇರೆ ಕ್ರಮ ಹೇಳಿದ್ದರೆ ಮಾತ್ರ ವಿನಾಯಿತಿ. ಒಂದೇ ವರ್ಷದಲ್ಲಿ ಎರಡು ಅಳತೆಗೋಲು ಇರಬಾರದು.

ಎರಡು, ಹೋಲಿಕೆಯ ಕ್ರಮ. ಲಾಭ-ನಷ್ಟವನ್ನು ಹಿಂದಿನ ವರ್ಷದ ಅದೇ ಅವಧಿಯೊಡನೆ ಹೋಲಿಸಬೇಕು. ಆಸ್ತಿ-ಜವಾಬ್ದಾರಿಯ ತಖ್ತೆಯನ್ನು ಹಿಂದಿನ ಮಾರ್ಚ್ 31ರ ತಖ್ತೆಯೊಡನೆ ಹೋಲಿಸಬೇಕು.

ಮೂರು, ಋತುಮಾನ. ಇದು ನಮಗೆ ಹೇಳಿಕೊಡಬೇಕಾದ ಪಾಠವೇ ಅಲ್ಲ. ಕಾಫಿ ಕೊಯ್ಲು ಡಿಸೆಂಬರಿನಿಂದ, ಹಣ ಕೈಸೇರುವುದು ಅದರ ನಂತರ. ಆದ್ದರಿಂದ ಸೆಪ್ಟೆಂಬರಿನ ಲೆಕ್ಕದಲ್ಲಿ ಜನವರಿಯ ಕಾಫಿಯನ್ನು ಜಮಾ ಬರೆಯಲಾಗದು. ಗಿಡದಲ್ಲಿ ಹಸಿರು ಕಾಯಿ ಎಷ್ಟೇ ತುಂಬಿದ್ದರೂ ಅಷ್ಟೇ. ಚಿಂಚೋಳಿಯ ತೊಗರಿಯೂ ಜೂನ್‌ನಲ್ಲಿ ಬಿತ್ತಿದರೆ ಡಿಸೆಂಬರ್-ಜನವರಿಗೆ ಕೊಯ್ಲು. ಬರುವ ಆದಾಯವನ್ನು ಮುಂಚೆ ಎಳೆದುಕೊಳ್ಳಬಾರದು, ಬಂದ ಆದಾಯವನ್ನು ಮುಂದಕ್ಕೆ ದೂಡಬಾರದು ಎಂಬುದು ಮಾನಕದ ಮಾತು. ಹಾಗಾಗಿ ಒಂದು ತ್ರೈಮಾಸಿಕದ ಲಾಭವನ್ನು ನಾಲ್ಕರಿಂದ ಗುಣಿಸಿ ವರ್ಷದ ಲಾಭ ಇಷ್ಟೆನ್ನುವುದು ತಪ್ಪು.

ಇನ್ನೊಂದು ಚಿಕ್ಕ ಸಂಗತಿ. ಜನವರಿ-ಮಾರ್ಚ್ ತ್ರೈಮಾಸಿಕದ ಅಂಕಿ ಎಂದು ಕೊಡುವುದು ಇಡೀ ವರ್ಷದ ಪರಿಶೋಧಿತ ಅಂಕಿಯಿಂದ ಒಂಬತ್ತು ತಿಂಗಳ ಅಂಕಿಯನ್ನು ಕಳೆದು ಉಳಿದದ್ದು. ವರ್ಷವಿಡೀ ಕಾಣದಿದ್ದ ಕೊರತೆ ವರ್ಷಾಂತ್ಯದ ಪರಿಶೋಧನೆಯಲ್ಲಿ ಹೊರಬಿದ್ದರೆ ಅದರ ಭಾರವೆಲ್ಲ ಈ ಕೊನೆಯ ತ್ರೈಮಾಸಿಕದ ಮೇಲೆ ಬೀಳುತ್ತದೆ.

ಹೊಲ ಒಣಗುವ ಕಾಲ, ಸಾಲ ಒಣಗುವ ಕಾಲ

ಬ್ಯಾಂಕಿನ ಲೆಕ್ಕದಲ್ಲಿ ಅತಿ ಮುಖ್ಯ ನೀತಿ ಯಾವ ಸಾಲವನ್ನು ವಸೂಲಾಗದ ಸಾಲ, ಅಂದರೆ ಎನ್.ಪಿ.ಎ. ಎಂದು ಕರೆಯಬೇಕೆಂಬುದು. 1992-93ರಿಂದ ಈ ವಿಂಗಡಣೆ ಜಾರಿಗೆ ಬಂತು. ಒಮ್ಮೆ ಎನ್.ಪಿ.ಎ. ಆದರೆ ಬಾರದ ಬಡ್ಡಿಯನ್ನು ಆದಾಯವೆಂದು ಬರೆಯುವಂತಿಲ್ಲ, ಲಾಭದಿಂದ ಒಂದು ಪಾಲನ್ನು ತೆಗೆದಿಡಬೇಕು. ಮೊದಲು 180 ದಿನಗಳಿದ್ದ ಗಡುವನ್ನು 2004ರ ಮಾರ್ಚ್ 31ರಿಂದ 90 ದಿನಕ್ಕೆ ಇಳಿಸಲಾಯಿತು. ಸಾಲಗಾರ ಅದೇ, ಸಾಲ ಅದೇ, ಆದರೆ ಅಳತೆ ಬದಲಾದುದರಿಂದ ಎನ್.ಪಿ.ಎ. ಆಗುವ ದಿನ ಹತ್ತಿರವಾಯಿತು.

ಬೆಳೆ ಸಾಲಕ್ಕೆ ಮಾತ್ರ ಬೇರೆ ಅಳತೆ. ಅಲ್ಪಾವಧಿ ಬೆಳೆಯಾದರೆ ಗಡುವಿನ ನಂತರ ಎರಡು ಬೆಳೆ ಹಂಗಾಮು, ಒಂದು ವರ್ಷಕ್ಕಿಂತ ದೀರ್ಘ ಹಂಗಾಮಿನ ಬೆಳೆಯಾದರೆ ಒಂದು ಹಂಗಾಮು ಬಾಕಿ ಉಳಿದರೆ ಎನ್.ಪಿ.ಎ. ಹಂಗಾಮು ಯಾವುದೆಂದು ನಿರ್ಧರಿಸುವುದು ರಾಜ್ಯಮಟ್ಟದ ಬ್ಯಾಂಕರುಗಳ ಸಮಿತಿ.

2022-23ರಲ್ಲಿ ಕಲಬುರಗಿ ಜಿಲ್ಲೆಯ ತೊಗರಿಗೆ ನೆಟೆರೋಗ ತಗುಲಿ, ಕಾಯಿ ಕಟ್ಟುವ ಹೊತ್ತಿಗೆ ಗಿಡಗಳು ನಿಂತಲ್ಲೇ ಒಣಗಿದವು. ಅದೇ ಕಾಲದಲ್ಲಿ ಮಲೆನಾಡಿನ ಅಡಿಕೆಗೆ ಎಲೆಚುಕ್ಕೆ ರೋಗ ಹರಡಿದ್ದನ್ನು ನಾವು ಕಂಡಿದ್ದೇವೆ. ಆದರೆ ಹೊಲದಲ್ಲಿ ಬೆಳೆ ಒಣಗುವ ತ್ರೈಮಾಸಿಕ ಬೇರೆ, ಬ್ಯಾಂಕಿನ ಪುಸ್ತಕದಲ್ಲಿ ಸಾಲ ಒಣಗುವ ತ್ರೈಮಾಸಿಕ ಬೇರೆ. ರೈತನಿಗೆ ಉಸಿರಾಡಲು ಕೊಟ್ಟ ಈ ಅವಧಿ ನ್ಯಾಯವಾದುದು, ಅದು ಬೇಕು. ಆದರೆ ಲೆಕ್ಕ ಓದುವವರು ಬೆಳೆ ಹೋದ ವರ್ಷದ ಎನ್.ಪಿ.ಎ. ಅಂಕಿ ಕಡಿಮೆ ಇದೆ ಎಂದು ನೆಮ್ಮದಿಗೊಳ್ಳಬಾರದು. ಅದರ ಛಾಯೆ ಹಿಂದಿನಿಂದ ಬರುತ್ತದೆ.

ಟಿಪ್ಪಣಿಯಲ್ಲಿ ಅಡಗಿದ್ದ ಸತ್ಯ: 2020

ಅಂಕಿಗಿಂತ ಟಿಪ್ಪಣಿ ದೊಡ್ಡದಾದ ಕಾಲವೊಂದಿತ್ತು. 2020ರ ಮಾರ್ಚಿನಲ್ಲಿ ಕೊರೊನಾ ಕಾರಣ ಸಾಲದ ಕಂತುಗಳನ್ನು ಮುಂದೂಡಲು ರಿಸರ್ವ್ ಬ್ಯಾಂಕು ಅವಕಾಶ ಕೊಟ್ಟಿತು. ಆಗಸ್ಟ್ 31ಕ್ಕೆ ಎನ್.ಪಿ.ಎ. ಆಗಿರದ ಖಾತೆಗಳನ್ನು ಮುಂದಿನ ಆದೇಶದವರೆಗೆ ಎನ್.ಪಿ.ಎ. ಎಂದು ಘೋಷಿಸಬಾರದೆಂದು ಸೆಪ್ಟೆಂಬರ್ 3ರಂದು ಸರ್ವೋಚ್ಚ ನ್ಯಾಯಾಲಯ ಮಧ್ಯಂತರ ಆದೇಶ ನೀಡಿತು. ಪರಿಣಾಮವಾಗಿ ಸೆಪ್ಟೆಂಬರ್ ಮತ್ತು ಡಿಸೆಂಬರ್ ತ್ರೈಮಾಸಿಕಗಳಲ್ಲಿ ಎನ್.ಪಿ.ಎ. ಅಂಕಿ ಇಳಿದಂತೆ ಕಂಡಿತು. ಆದೇಶವಿಲ್ಲದಿದ್ದರೆ ಅದು ಎಷ್ಟಾಗುತ್ತಿತ್ತು ಎಂಬುದನ್ನು ಬ್ಯಾಂಕುಗಳು ಟಿಪ್ಪಣಿಯಲ್ಲಿ ಕೊಟ್ಟಿದ್ದವು. 2021ರ ಮಾರ್ಚ್ 23ರಂದು ತಡೆ ತೆರವಾಯಿತು. ತಖ್ತೆಯನ್ನಷ್ಟೇ ನೋಡಿದವರು ಒಂದು ಬ್ಯಾಂಕನ್ನು ಕಂಡರು. ಟಿಪ್ಪಣಿ ಓದಿದವರು ಬೇರೊಂದು ಬ್ಯಾಂಕನ್ನು ಕಂಡರು.

2024ರ ಬದಲಾವಣೆ, ಮುಂದೆ ಬರುವುದು

ಕಾನೂನಿನಂತೆ ಬ್ಯಾಂಕುಗಳು ಗಣನೀಯ ಹಣವನ್ನು ಸರ್ಕಾರಿ ಸಾಲಪತ್ರಗಳಲ್ಲಿ ಇಡಬೇಕು. ಇವುಗಳ ಪೇಟೆ ಬೆಲೆ ಏರಿಳಿಯುತ್ತದೆ. ಹಳೆಯ ಕ್ರಮದಲ್ಲಿ ಮಾರಾಟಕ್ಕಿಟ್ಟ ಪತ್ರಗಳ ಬೆಲೆ ಇಳಿದರೆ ನಷ್ಟ ಬರೆಯಬೇಕಿತ್ತು, ಏರಿದರೆ ಲಾಭ ಬರೆಯುವಂತಿರಲಿಲ್ಲ. ರಿಸರ್ವ್ ಬ್ಯಾಂಕು 2023ರ ಸೆಪ್ಟೆಂಬರಿನಲ್ಲಿ ಹೊರಡಿಸಿ 2024ರ ಏಪ್ರಿಲ್ 1ರಿಂದ ಜಾರಿಗೆ ತಂದ ಹೊಸ ನಿರ್ದೇಶನದಲ್ಲಿ ಇದು ಬದಲಾಯಿತು. ಮುಗಿಯುವವರೆಗೆ ಇಟ್ಟುಕೊಳ್ಳುವ ಪತ್ರಗಳು ಕೊಂಡ ಬೆಲೆಯಲ್ಲಿ ಉಳಿಯುತ್ತವೆ. ಮಾರಬಹುದಾದವುಗಳ ಏರಿಳಿತ ಒಂದು ಪ್ರತ್ಯೇಕ ಮೀಸಲಿಗೆ ಹೋಗುತ್ತದೆ. ಉಳಿದವುಗಳ ಏರಿಳಿತ ಎರಡೂ ದಿಕ್ಕಿನಲ್ಲಿ ಲಾಭ-ನಷ್ಟಕ್ಕೆ ಬರುತ್ತದೆ. ಹಳತಿನಿಂದ ಹೊಸತಿಗೆ ದಾಟುವಾಗಿನ ವ್ಯತ್ಯಾಸ ಲಾಭಕ್ಕೆ ಸೇರದೆ ಮೀಸಲಿಗೆ ಸೇರಿತು. ಆದಕಾರಣ 2024ರ ಜೂನ್ ತ್ರೈಮಾಸಿಕವನ್ನು 2023ರ ಜೂನ್ ತ್ರೈಮಾಸಿಕದೊಡನೆ ನೇರವಾಗಿ ಹೋಲಿಸುವುದು ಹಾಲಿ ರೂಪಾಯಿಯನ್ನು ಭಾರತೀಯ ರೂಪಾಯಿಯೊಡನೆ ಹೋಲಿಸಿದಂತೆ.

ಈ ನಿರ್ದೇಶನ ಗ್ರಾಮೀಣ ಬ್ಯಾಂಕುಗಳಿಗೆ ಅನ್ವಯಿಸಲಿಲ್ಲ ಎಂಬುದನ್ನು ಮರೆಯಬಾರದು. ವಾಡಿಯ ಒಂದೇ ಬೀದಿಯಲ್ಲಿ ಎರಡು ಬ್ಯಾಂಕುಗಳ ಶಾಖೆಗಳಿದ್ದರೂ ಅವುಗಳ ಲೆಕ್ಕದ ನೀತಿ ಬೇರೆಯಾಗಿರಬಹುದು.

ಇನ್ನೊಂದು ದೊಡ್ಡ ಬದಲಾವಣೆಯ ಪ್ರಸ್ತಾವ 2025ರ ಅಕ್ಟೋಬರಿನಲ್ಲಿ ಬಂದಿತು. ಸಾಲ ಬಾಕಿ ಬಿದ್ದ ಮೇಲೆ ಹಣ ತೆಗೆದಿಡುವ ಬದಲು, ಮುಂದೆ ಆಗಬಹುದಾದ ನಷ್ಟವನ್ನು ಮೊದಲೇ ಅಂದಾಜು ಮಾಡಿ ತೆಗೆದಿಡುವ ಕ್ರಮವದು. 2027ರ ಏಪ್ರಿಲ್ 1ರಿಂದ ವಾಣಿಜ್ಯ ಬ್ಯಾಂಕುಗಳಿಗೆ ಎಂದು ರಿಸರ್ವ್ ಬ್ಯಾಂಕಿನ ಕರಡಿನಲ್ಲಿತ್ತು. ಇಂಥ ಕ್ರಮದಲ್ಲಿ ಠೇವಣಿದಾರನಿಗೆ ಭದ್ರತೆ ಹೆಚ್ಚುತ್ತದೆ. ಆದರೆ ಮಳೆ ನಂಬಿದ ಚಿಂಚೋಳಿಯ ತೊಗರಿಗೋ ರೋಗ ಕಂಡ ತೋಟಕ್ಕೋ ಸಾಲ ಕೊಡುವಾಗ ಬ್ಯಾಂಕು ಹಿಂದುಮುಂದು ನೋಡುವಂತಾಗಬಾರದು. ಠೇವಣಿದಾರರಾಗಿ ನಾವು ಕಟ್ಟು ಲೆಕ್ಕ ಬಯಸುತ್ತೇವೆ, ಸಾಲಗಾರರಾಗಿ ಸಡಿಲು ಬಯಸುತ್ತೇವೆ. ಈ ಎರಡು ಮುಖ ನಮ್ಮದೇ ಎಂಬುದನ್ನು ಒಪ್ಪಿಕೊಂಡು ಮಾತನಾಡುವುದು ಒಳ್ಳೆಯದು.

ಮೂರು ತಿಂಗಳ ಲೆಕ್ಕವೇ ಇಲ್ಲದ ಕಡೆ

ಗ್ರಾಮೀಣ ಬ್ಯಾಂಕು, ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕು, ಹಳ್ಳಿಯ ಪ್ರಾಥಮಿಕ ಸಂಘ ಇವು ಷೇರು ಪೇಟೆಯಲ್ಲಿ ನೋಂದಾಯಿತವಲ್ಲ. ಆದ್ದರಿಂದ ಸೆಬಿಯ ತ್ರೈಮಾಸಿಕ ನಿಯಮ ಇವುಗಳಿಗಿಲ್ಲ. ಬೆಳೆಗಾರನಿಗೆ ಅತಿ ಹತ್ತಿರದ ಸಂಸ್ಥೆಗಳಲ್ಲೇ ಮಧ್ಯಂತರ ಲೆಕ್ಕ ಕೈಗೆ ಸಿಗುವುದಿಲ್ಲ ಎಂಬುದು ವಿಪರ್ಯಾಸ. ಇಲ್ಲಿ ವಾರ್ಷಿಕ ವರದಿಯೇ ಗತಿ. ಗ್ರಾಮೀಣ ಬ್ಯಾಂಕಿನ ವಿಷಯದಲ್ಲಿ ಇನ್ನೂ ಒಂದು ಎಚ್ಚರ ಬೇಕು. 2025ರ ಮೇ 1ರ ವಿಲೀನ ಲೆಕ್ಕದ ವರ್ಷ ಆರಂಭವಾದ ಒಂದು ತಿಂಗಳ ಮೇಲೆ ಆದುದು. ಆ ವರ್ಷದ ಅಂಕಿಯ ಪಕ್ಕದಲ್ಲಿ ಹಿಂದಿನ ವರ್ಷದ್ದು ಒಂದು ಬ್ಯಾಂಕಿನದೋ ಎರಡೂ ಕೂಡಿದ್ದೋ ಎಂದು ನೋಡಿಕೊಂಡೇ ಓದಬೇಕು.

ಓದುವಾಗ ಕೇಳಬೇಕಾದ ಪ್ರಶ್ನೆಗಳು

1. ಹಿಂದಿನ ಅವಧಿಯ ಅಂಕಿ ಹೋಲಿಕೆಗೆ ಯೋಗ್ಯವೇ? ವಿಲೀನ ನಡೆದಿದೆಯೇ?

2. ಲೆಕ್ಕದ ನೀತಿ ಬದಲಾಗಿದೆಯೇ? ಬದಲಾಗಿದ್ದರೆ ಲಾಭದ ಮೇಲೆ ಪರಿಣಾಮ ಎಷ್ಟು ರೂಪಾಯಿ ಎಂದು ಹೇಳಿದ್ದಾರೆಯೇ?

3. ಅಂಕಿಗಳನ್ನು ‘ಮರುವಿಂಗಡಿಸಲಾಗಿದೆ’ ಎಂದಿದೆಯೋ, ‘ತಿದ್ದಿ ಬರೆಯಲಾಗಿದೆ’ ಎಂದಿದೆಯೋ? ಮೊದಲನೆಯದು ಒಂದು ಚೀಲದ್ದನ್ನು ಇನ್ನೊಂದಕ್ಕೆ ಸುರಿದಂತೆ. ಎರಡನೆಯದು ತೂಕವನ್ನೇ ತಿದ್ದಿದಂತೆ.

4. ಯಾವುದಾದರೂ ಖರ್ಚನ್ನು ಮುಂದಿನ ವರ್ಷಗಳಿಗೆ ಹಂಚಲಾಗಿದೆಯೇ? ನೌಕರರ ಕುಟುಂಬ ಪಿಂಚಣಿಯ ಹೆಚ್ಚುವರಿ ಹೊರೆಯನ್ನು 2021-22ರಿಂದ ಐದು ವರ್ಷಗಳವರೆಗೆ ಹಂಚಲು ರಿಸರ್ವ್ ಬ್ಯಾಂಕು ಅವಕಾಶ ಕೊಟ್ಟಿತ್ತು. ಇನ್ನೂ ಬರೆಯದೆ ಉಳಿದ ಮೊತ್ತ ಟಿಪ್ಪಣಿಯಲ್ಲಿ ಸಿಗುತ್ತದೆ.

5. ರಿಸರ್ವ್ ಬ್ಯಾಂಕಿನ ತಪಾಸಣೆಯಲ್ಲಿ ಕಂಡ ಎನ್.ಪಿ.ಎ.ಗೂ ಬ್ಯಾಂಕು ತೋರಿಸಿದ್ದಕ್ಕೂ ಅಂತರವಿದೆಯೇ? ಅಂತರ ನಿಗದಿತ ಮಿತಿ ಮೀರಿದರೆ ಪ್ರಕಟಿಸಬೇಕೆಂದು 2017ರಲ್ಲಿ ನಿಯಮ ಬಂತು.

6. ಲೆಕ್ಕಪರಿಶೋಧಕರು ಯಾವುದಾದರೂ ವಿಷಯದತ್ತ ಗಮನ ಸೆಳೆದಿದ್ದಾರೆಯೇ?

ಕೊನೆಯದಾಗಿ ನಮ್ಮದೇ ಮನೆಯ ಮಾತು. ಅನ್ಯರ ಲೆಕ್ಕ ಕೇಳುವ ನಾವು ನಮ್ಮ ಲೆಕ್ಕವನ್ನೂ ಅದೇ ಕೋಲಿನಿಂದ ಅಳೆಯಬೇಕು. ನಮ್ಮ ಸಂಘದ ವಾರ್ಷಿಕ ವರದಿಯಲ್ಲಿ ಲೆಕ್ಕದ ನೀತಿಗಳಿಗೆಂದು ಒಂದು ಪುಟವನ್ನು ಮೀಸಲಿಟ್ಟು, ದಾಸ್ತಾನಿನ ಬೆಲೆ ಕಟ್ಟಿದ ಕ್ರಮವನ್ನೂ ಬಾಕಿ ಸಾಲದ ವಿಂಗಡಣೆಯನ್ನೂ ಸರಳ ಕನ್ನಡದಲ್ಲಿ ಬರೆಯಬೇಕೆಂದೂ, ಆರು ತಿಂಗಳಿಗೊಮ್ಮೆ ಸಂಕ್ಷಿಪ್ತ ಜಮಾ-ಖರ್ಚನ್ನು ಈ ಪತ್ರಿಕೆಯಲ್ಲಿ ಅಚ್ಚು ಹಾಕಬೇಕೆಂದೂ ಬರುವ ಸರ್ವಸದಸ್ಯರ ಸಭೆಯ ಮುಂದೆ ಸೂಚನೆ ಇಡುತ್ತಿದ್ದೇವೆ. ಸದಸ್ಯರು ಟಿಪ್ಪಣಿಯನ್ನೂ ಓದಿ ಬಂದು ಪ್ರಶ್ನೆ ಕೇಳಬೇಕೆಂದು ಕೋರುತ್ತೇವೆ.